ಬೇಲಿ ದಾಟಿದ ಬಾತುಗಳು

ಹಕ್ಕಿಗೆ ಗಡಿಯಿಲ್ಲವೆಂದು ನಾವು ಹೇಳುವುದುಂಟು. ಮಾತು ಕೇಳುವುದಕ್ಕೆ ಇಂಪಾಗಿದೆ, ಆದರೆ ಪೂರ್ತಿ ನಿಜವಲ್ಲ. ಪ್ರತಿಯೊಂದು ಜಾತಿಯ ಹಕ್ಕಿಗೂ ಅದರದೇ ಆದ ನೆಲೆಯಿದೆ. ಸಾವಿರಾರು ಮೈಲಿ ಹಾರುವ ಹಕ್ಕಿ ಕೂಡ ಗೊತ್ತುಗುರಿಯಿಲ್ಲದ ಅಲೆಮಾರಿಯಲ್ಲ. ಅದು ಹೊರಡುವ ಕಾಲ, ಹಿಡಿಯುವ ದಾರಿ, ಇಳಿಯುವ ಕೆರೆ ಎಲ್ಲವೂ ತಲೆತಲಾಂತರದಿಂದ ಬಂದ ಕ್ರಮ. ಹೀಗಿರುವಾಗ, ಆ ನಾಡಿಗೆ ಯಾವ ಸಂಬಂಧವೂ ಇಲ್ಲದ ಬಾತೊಂದು ಒಂದು ದಿನ ಯಾವುದೋ ಸರೋವರದಲ್ಲಿ ತೇಲುತ್ತಿರುವುದು ಕಂಡರೆ ಏನೆಂದು ತಿಳಿಯಬೇಕು? ಅದು ತಾನಾಗಿ ಬಂದಿತೆ, ಯಾರಾದರೂ ತಂದರೆ? ಬಂದದ್ದರಿಂದ ಅಲ್ಲಿಯ ಹಕ್ಕಿಗಳಿಗೆ ಏನಾಗುತ್ತದೆ? ಕೇಡಾಗುವುದಾದರೆ ಅದರ ಹೊಣೆ ಯಾರದು? ಈ ಪ್ರಶ್ನೆಗಳನ್ನು ನನಗೆ ತಿಳಿದಮಟ್ಟಿಗೆ ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಓದುವ ಬಿ.ಎ. ವಿದ್ಯಾರ್ಥಿಗೆ ಬಾತಿನ ಗೊಡವೆ ಏಕೆಂದು ಮಿತ್ರರು ಕೆಲವರು ಕೇಳಿದರು. ಪ್ರಾಣಿಶಾಸ್ತ್ರದವರ ಹೊಲಕ್ಕೆ ನುಗ್ಗುವುದು ನನ್ನ ಇಚ್ಛೆಯಲ್ಲ. ಆದರೆ ಈ ಬಾತುಗಳ ಕಥೆಯಲ್ಲಿ ಹಕ್ಕಿಯ ಪಾಲಿಗಿಂತ ಮನುಷ್ಯನ ಪಾಲೇ ದೊಡ್ಡದು. ಮನುಷ್ಯನು ತರುತ್ತಾನೆ, ಮನುಷ್ಯನು ಬಿಡುತ್ತಾನೆ, ಕಡೆಗೆ ಕೊಲ್ಲುವವನೂ ಮನುಷ್ಯನೇ. ಹೀಗಾಗಿ ಇದು ಇತಿಹಾಸದ ವಿಷಯವೂ ಹೌದು, ನೀತಿಯ ವಿಷಯವೂ ಹೌದು.

ಮೊದಲು ಅತಿಥಿಗೂ ತಪ್ಪಿಸಿಕೊಂಡು ಬಂದವನಿಗೂ ಇರುವ ಭೇದವನ್ನು ತಿಳಿಯೋಣ. ಗದಗ ಜಿಲ್ಲೆಯಲ್ಲಿ ಮಾಗಡಿ ಎಂಬ ಊರಿದೆ (ಕೆಂಪೇಗೌಡರ ಮಾಗಡಿ ಬೇರೆ). ಅಲ್ಲಿಯ ಕೆರೆಗೆ ಪ್ರತಿ ಚಳಿಗಾಲದಲ್ಲಿಯೂ ಪಟ್ಟೆತಲೆಯ ಹೆಬ್ಬಾತುಗಳು ಹಿಂಡುಹಿಂಡಾಗಿ ಬರುತ್ತವೆ. ಬೂದುಬಣ್ಣದ ಮೈ, ಬಿಳಿಯ ತಲೆ, ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ. ಇವು ಮೊಟ್ಟೆಯಿಡುವುದು ಮಂಗೋಲಿಯ, ಟಿಬೆಟ್, ಲಡಾಖ್ ಮುಂತಾದ ಎತ್ತರದ ನಾಡುಗಳ ಸರೋವರಗಳ ಬಳಿ. ಅಲ್ಲಿ ನೀರು ಹೆಪ್ಪುಗಟ್ಟುವ ಕಾಲಕ್ಕೆ ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಬಂದು, ಕೆರೆಯ ಸುತ್ತಣ ಹೊಲಗಳಲ್ಲಿ ಮೇದು, ಬೇಸಗೆ ಕಾಲಿಡುವ ಹೊತ್ತಿಗೆ ಹಿಂದಿರುಗುತ್ತವೆ. ಮಾಗಡಿ ಕೆರೆಗೆ 2024ರಲ್ಲಿ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆಯೂ ದೊರೆಯಿತು. ದೂರದೇಶದಿಂದ ಬಂದರೂ ಈ ಹೆಬ್ಬಾತು ನಮಗೆ ಪರಕೀಯವಲ್ಲ. ತನ್ನ ರೆಕ್ಕೆಯ ಬಲದಿಂದ, ತನ್ನ ಕಾಲಕ್ಕೆ ಸರಿಯಾಗಿ, ತನ್ನ ಹಳೆಯ ದಾರಿಯಲ್ಲಿ ಬರುವ ನಂಟ ಅದು.

ಸೋಜಿಗವೆಂದರೆ ಇದೇ ಹೆಬ್ಬಾತು ಹಾಲೆಂಡಿನಲ್ಲಿಯೂ ಜರ್ಮನಿಯಲ್ಲಿಯೂ ಕಾಣಸಿಗುತ್ತದೆ. ಅಲ್ಲಿಗೆ ಅದು ಹಾರಿ ಹೋದದ್ದಲ್ಲ. ಉದ್ಯಾನಗಳ ಕೊಳಗಳಲ್ಲಿ ಅಂದಕ್ಕಾಗಿ ಸಾಕಿದ ಹಕ್ಕಿಗಳು ತಪ್ಪಿಸಿಕೊಂಡು, ಹೊರಗೆ ಮರಿಮಾಡಿ ನೆಲೆನಿಂತದ್ದು. ಒಂದೇ ಹಕ್ಕಿ ಮಾಗಡಿಯಲ್ಲಿ ಅತಿಥಿ, ಹಾಲೆಂಡಿನಲ್ಲಿ ಹೊರಗಿನದು. ಆದ್ದರಿಂದ ಪರಕೀಯತೆ ಎನ್ನುವುದು ಹಕ್ಕಿಯ ಮೈಯಲ್ಲಿರುವ ಗುಣವಲ್ಲ. ಅದು ಬಂದ ಬಗೆಯಲ್ಲಿದೆ. ಈ ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ಹಕ್ಕಿಗಳಲ್ಲಿ ಬಾತುಗಳೇ ಹೀಗೆ ಹೆಚ್ಚಾಗಿ ತಪ್ಪಿಸಿಕೊಳ್ಳಲು ಕಾರಣಗಳುಂಟು. ಬಾತು ನೋಡಲು ಚೆಂದ. ಕಾಳು, ಸೊಪ್ಪು ಹಾಕಿದರೆ ಬದುಕುತ್ತದೆ. ಗಿಳಿಯಂತೆ ಪಂಜರ ಬೇಡುವುದಿಲ್ಲ, ಒಂದು ಕೊಳವಿದ್ದರೆ ಸಾಕು. ಯೂರೋಪಿನ ಸಿರಿವಂತರು ತಮ್ಮ ತೋಟಗಳ ಕೊಳಗಳಿಗೆ ಜಗತ್ತಿನ ಮೂಲೆಮೂಲೆಗಳಿಂದ ಬಾತುಗಳನ್ನು ತರಿಸುತ್ತಿದ್ದರು. ಕೊಳಕ್ಕೆ ಮೇಲ್ಛಾವಣಿಯಿಲ್ಲವಾದ್ದರಿಂದ ಹಕ್ಕಿ ಹಾರಿಹೋಗದಂತೆ ಎರಡು ಉಪಾಯ ಮಾಡುವುದುಂಟು. ಒಂದು, ಒಂದು ರೆಕ್ಕೆಯ ಗರಿಗಳನ್ನು ಕತ್ತರಿಸುವುದು. ಈ ಗರಿ ವರ್ಷಕ್ಕೊಮ್ಮೆ ಉದುರಿ ಹೊಸದಾಗಿ ಹುಟ್ಟುವುದರಿಂದ ಮತ್ತೆ ಮತ್ತೆ ಕತ್ತರಿಸಬೇಕು. ಇನ್ನೊಂದು, ಮರಿ ಹುಟ್ಟಿದ ಕೆಲವೇ ದಿನಗಳಲ್ಲಿ ಒಂದು ರೆಕ್ಕೆಯ ತುದಿಯ ಭಾಗವನ್ನೇ ತೆಗೆದುಬಿಡುವುದು. ಆಗ ಅದು ಬದುಕಿರುವವರೆಗೂ ಹಾರಲಾರದು. ಆದರೆ ಜೊಂಡಿನ ಮರೆಯಲ್ಲಿ ಹುಟ್ಟಿದ ಮರಿಗಳೆಲ್ಲ ಕೈಗೆ ಸಿಗಬೇಕಲ್ಲ! ಸಿಗದೆ ಉಳಿದ ಮರಿಗೆ ರೆಕ್ಕೆ ಬಲಿತೊಡನೆ ಆಕಾಶವೇ ಬಾಗಿಲು.

ಇನ್ನು, ಎದುರಿಗೆ ಕಂಡ ಅಪರೂಪದ ಬಾತು ತಾನಾಗಿ ಬಂದದ್ದೋ ತಪ್ಪಿಸಿಕೊಂಡದ್ದೋ ಎಂದು ನಿರ್ಣಯಿಸುವುದು ಹೇಗೆ? ನಮ್ಮ ಹಿಂದಿನವರು ಹಾಲಿನಿಂದ ನೀರನ್ನು ಬೇರ್ಪಡಿಸುವ ಶಕ್ತಿಯನ್ನು ಹಂಸಪಕ್ಷಿಗೆ ಕೊಟ್ಟಿದ್ದರು. ಇಲ್ಲಿ ಆ ವಿವೇಕ ನೋಡುವವನಿಗೇ ಬೇಕು. ಬಲ್ಲವರು ಕೆಲವು ಗುರುತುಗಳನ್ನು ನೋಡುತ್ತಾರೆ. ಸಾಕಿದವರು ತೊಡಿಸಿದ ಬಳೆ ಕಾಲಿನಲ್ಲಿದೆಯೆ? ರೆಕ್ಕೆಯ ಗರಿ ಕತ್ತರಿಸಿದಂತಿದೆಯೆ? ಮನುಷ್ಯನನ್ನು ಕಂಡು ಬೆದರುತ್ತದೆಯೋ, ಕೈಯಿಂದ ತಿನ್ನಲು ಬರುತ್ತದೆಯೋ? ಒಂಟಿಯಾಗಿದೆಯೋ, ವಲಸೆಯ ಹಿಂಡಿನ ಜೊತೆಗಿದೆಯೋ? ಬಂದದ್ದು ವಲಸೆಯ ಕಾಲದಲ್ಲಿಯೋ, ಅಕಾಲದಲ್ಲಿಯೋ? ಅದರ ಮೂಲನೆಲೆ ಎಷ್ಟು ದೂರ? ಯಾವುದೇ ಒಂದು ಗುರುತನ್ನು ನಂಬಿ ತೀರ್ಪು ಕೊಡುವಂತಿಲ್ಲ. ಎಲ್ಲವನ್ನೂ ಕೂಡಿಸಿ ನೋಡಬೇಕು.

ಮ್ಯಾಂಡರಿನ್ ಬಾತಿನ ಎರಡು ಪ್ರಸಂಗಗಳು ಇದಕ್ಕೆ ಒಳ್ಳೆಯ ನಿದರ್ಶನ. ಚೀನಾ, ಜಪಾನ್, ಕೊರಿಯಾ, ರಷ್ಯದ ಪೂರ್ವತುದಿ ಇದರ ನೆಲೆ. ಗಂಡಿನ ಮೈಮೇಲೆ ಕಿತ್ತಳೆ, ನೇರಳೆ, ಹಸಿರು, ಬಿಳಿ ಬಣ್ಣಗಳು ಚಿತ್ರಗಾರನು ಬಳಿದಂತೆ ಕಾಣುತ್ತವೆ. ಬೆನ್ನಿನ ಮೇಲೆ ಹಡಗಿನ ಹಾಯಿಯಂತೆ ಎದ್ದುನಿಂತ ಎರಡು ಕಿತ್ತಳೆಯ ಗರಿಗಳು. 2018ರ ಶರತ್ಕಾಲದಲ್ಲಿ ಇಂಥ ಒಂದು ಗಂಡು ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕಿನ ಕೊಳದಲ್ಲಿ ಕಾಣಿಸಿಕೊಂಡಿತು. ಜನ ಜಾತ್ರೆಗೆ ಸೇರಿದಂತೆ ಸೇರಿದರು. ಅದರ ಕಾಲಿನಲ್ಲಿ ಬಳೆಯಿತ್ತು. ಅಮೆರಿಕ ಅದರ ನೆಲೆಯೂ ಅಲ್ಲ. ಯಾರೋ ಸಾಕಿದ್ದು ತಪ್ಪಿಸಿಕೊಂಡದ್ದು ಅಥವಾ ಬಿಟ್ಟದ್ದು ಎಂಬುದರಲ್ಲಿ ಬಲ್ಲವರಿಗೆ ಅನುಮಾನವಿರಲಿಲ್ಲ. 2021ರ ಫೆಬ್ರವರಿಯಲ್ಲಿ ಅದೇ ಜಾತಿಯ ಬಾತು ಅಸ್ಸಾಮಿನ ತಿನ್ಸುಕಿಯಾ ಜಿಲ್ಲೆಯ ಮಾಗುರಿ-ಮೋಟಾಪುಂಗ್ ಜಲಾಶಯದಲ್ಲಿ ಕಂಡಿತು. ಅದು ಚಳಿಗಾಲ. ಆ ಜೌಗುಪ್ರದೇಶವು ವಲಸೆ ಹಕ್ಕಿಗಳು ತಂಗುವ ಸ್ಥಳ. ಚೀನಾದ ನೆಲೆಗಳೂ ಅಲ್ಲಿಂದ ಬಹುದೂರವಲ್ಲ. ಅದೇ ಸೀಮೆಯಲ್ಲಿ 1902ರಲ್ಲಿಯೂ ಈ ಬಾತನ್ನು ಕಂಡ ದಾಖಲೆಯಿದೆ. ಆದ್ದರಿಂದ ಇದನ್ನು ದಾರಿ ತಪ್ಪಿ ಬಂದ ನಿಜವಾದ ಕಾಡುಹಕ್ಕಿಯೆಂದು ಸ್ವಾಗತಿಸಿದರು. ರೂಪ ಒಂದೇ, ಬಣ್ಣ ಒಂದೇ. ಚರಿತ್ರೆ ಮಾತ್ರ ಬೇರೆ.

ಬ್ರಿಟನ್ನಿನ ಪಕ್ಷಿತಜ್ಞರು ಈ ಚರಿತ್ರೆಯ ಲೆಕ್ಕವನ್ನು ಅಚ್ಚುಕಟ್ಟಾಗಿ ಇಟ್ಟಿದ್ದಾರೆ. ತಾನಾಗಿ ಬಂದ ಹಕ್ಕಿಗೆ ಒಂದು ವರ್ಗ. ಮನುಷ್ಯನಿಂದ ಬಂದರೂ ಈಗ ಯಾರ ಹಂಗೂ ಇಲ್ಲದೆ ಕಾಡಿನಲ್ಲಿ ಸಂತಾನ ಬೆಳೆಸಿಕೊಂಡಿರುವ ಹಕ್ಕಿಗೆ ಇನ್ನೊಂದು ವರ್ಗ. ತಪ್ಪಿಸಿಕೊಂಡು ಬಂದು ಇನ್ನೂ ನೆಲೆಯೂರದ ಹಕ್ಕಿಗೆ ಮತ್ತೊಂದು. ಮ್ಯಾಂಡರಿನ್ ಬಾತು ಅಲ್ಲಿ ಎರಡನೆಯ ವರ್ಗಕ್ಕೆ ಸೇರುತ್ತದೆ. ತೋಟಗಳಿಂದ ಹಾರಿಹೋದವುಗಳ ಸಂತತಿ ಇಂದು ಸಾವಿರಗಳ ಲೆಕ್ಕದಲ್ಲಿದೆ. ಇದು ಮರದ ಪೊಟರೆಯಲ್ಲಿ ಗೂಡು ಮಾಡುತ್ತದೆ. ಅಲ್ಲಿಯ ಬಾತುಗಳಲ್ಲಿ ಇದಕ್ಕೆ ಹತ್ತಿರದ ರಕ್ತಸಂಬಂಧಿಯೂ ಇಲ್ಲ. ಇದರಿಂದ ದೊಡ್ಡ ಕೇಡಾಯಿತೆಂದು ಅಲ್ಲಿ ಯಾರೂ ದೂರುವುದಿಲ್ಲ. ಹೊರಗಿನಿಂದ ಬಂದದ್ದೆಲ್ಲವೂ ಹಾನಿಕಾರಿಯೆಂಬ ಮಾತು ಆದ್ದರಿಂದ ಸರಿಯಲ್ಲ.

ಹಾಗೆಂದು ಎಲ್ಲವೂ ನಿರಪಾಯವೆಂದೂ ಹೇಳಲಾಗದು. ಅಮೆರಿಕದ ಒಂದು ಪುಟ್ಟ ಬಾತಿನ ಕಥೆ ಇದನ್ನು ತೋರಿಸುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ರಡ್ಡಿ ಡಕ್ ಎಂದು ಹೆಸರು. ಇಲ್ಲಿ ನಾನು ಅದನ್ನು ಕೆಂಬಾತು ಎಂದು ಕರೆಯುತ್ತೇನೆ. ಗಂಡಿನದು ಕೆಂಗಂದು ಮೈ, ಬಿಳಿಯ ಕೆನ್ನೆ, ನೀಲಿಯ ಕೊಕ್ಕು, ಸೆಟೆದುನಿಂತ ಬಾಲ. ಹೆಣ್ಣನ್ನು ಒಲಿಸಿಕೊಳ್ಳುವಾಗ ಕೊಕ್ಕಿನಿಂದ ಎದೆಯನ್ನು ಪಟಪಟನೆ ಬಡಿದು ನೀರಿನಲ್ಲಿ ನೊರೆಗುಳ್ಳೆ ಏಳಿಸುತ್ತದೆ.

ದಕ್ಷಿಣಧ್ರುವದ ಯಾತ್ರೆಯಿಂದ ಹಿಂದಿರುಗುವಾಗ 1912ರಲ್ಲಿ ಮಡಿದ ಕ್ಯಾಪ್ಟನ್ ಸ್ಕಾಟನ ಹೆಸರನ್ನು ನಾವೆಲ್ಲ ಕೇಳಿದ್ದೇವೆ. ಅವನ ಮಗ ಪೀಟರ್ ಸ್ಕಾಟ್ ಚಿತ್ರಕಾರ, ಪಕ್ಷಿಪ್ರೇಮಿ. ಇಂಗ್ಲೆಂಡಿನ ಸ್ಲಿಂಬ್ರಿಜ್ ಎಂಬಲ್ಲಿ 1946ರಲ್ಲಿ ನೀರುಹಕ್ಕಿಗಳ ರಕ್ಷಣೆಗಾಗಿ ಒಂದು ಸಂಸ್ಥೆಯನ್ನು ಸ್ಥಾಪಿಸಿದನು. ಜಗತ್ತಿನಲ್ಲಿ ಕೇವಲ ಮೂವತ್ತರಷ್ಟಕ್ಕೆ ಇಳಿದಿದ್ದ ಹವಾಯಿ ದ್ವೀಪದ ನೇನೇ ಎಂಬ ಹೆಬ್ಬಾತನ್ನು ಉಳಿಸಲು ನೆರವಾದದ್ದು ಈ ಸಂಸ್ಥೆ. 1950ರ ದಶಕದ ಆರಂಭದಲ್ಲಿ ಎರಡು ಮೂರು ಹಕ್ಕಿಗಳನ್ನು ತಂದು, ಮರಿಮಾಡಿಸಿ, 1962ರಲ್ಲಿ ಅವುಗಳ ಸಂತತಿಯನ್ನು ಹವಾಯಿಗೆ ಹಿಂದಕ್ಕೆ ಕಳುಹಿಸಿತು. ಅದೇ ಅಂಗಳಕ್ಕೆ 1948ರಲ್ಲಿ ಅಮೆರಿಕದಿಂದ ಏಳು ಕೆಂಬಾತುಗಳು ಬಂದಿದ್ದವು: ನಾಲ್ಕು ಗಂಡು, ಮೂರು ಹೆಣ್ಣು. ಅವು ಅಲ್ಲಿ ಮರಿಮಾಡಿದವು. ಮರಿಗಳನ್ನೆಲ್ಲ ಹಿಡಿದು ರೆಕ್ಕೆ ಕತ್ತರಿಸಲಾಗಲಿಲ್ಲ. 1950ರ ದಶಕದಲ್ಲಿ ಕೆಲವು ಹಾರಿಹೋದವು. 1960ರಲ್ಲಿ ಸಾಮರ್ಸೆಟ್ ಪ್ರಾಂತದ ಚ್ಯೂ ಕಣಿವೆಯ ಸರೋವರದಲ್ಲಿ ಕಾಡಿನ ಹಕ್ಕಿಯಂತೆಯೇ ಗೂಡು ಮಾಡಿದವು. 2000ದ ಹೊತ್ತಿಗೆ ಬ್ರಿಟನ್ನಿನಲ್ಲಿ ಅವುಗಳ ಸಂಖ್ಯೆ ಸುಮಾರು 6000ಕ್ಕೆ ಏರಿತು. ಒಂದು ಹೆಬ್ಬಾತನ್ನು ಉಳಿಸಿದ ಅಂಗಳದಿಂದಲೇ ಇನ್ನೊಂದು ಬಾತಿಗೆ ವಿಪತ್ತು ಹೊರಟಿತು. ಸದುದ್ದೇಶವೊಂದೇ ಸಾಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ವಿಪತ್ತು ಒದಗಿದ್ದು ಸ್ಪೇನ್ ದೇಶದಲ್ಲಿ. ಕೆಂಬಾತಿನ ದಾಯಾದಿಯೆನ್ನಬಹುದಾದ ಬಿಳಿತಲೆಯ ಬಾತು ಸ್ಪೇನಿನಿಂದ ಮಧ್ಯ ಏಷ್ಯದವರೆಗೆ ಅಲ್ಲಲ್ಲಿ ಉಳಿದುಕೊಂಡಿರುವ ಅಪರೂಪದ ಹಕ್ಕಿ. ನಮ್ಮ ದೇಶದ ವಾಯವ್ಯ ಭಾಗಕ್ಕೂ ಇದು ಚಳಿಗಾಲದಲ್ಲಿ ಬಂದ ದಾಖಲೆಗಳಿವೆ. ಬೇಟೆಯಿಂದಲೂ ಜೌಗುನೆಲಗಳನ್ನು ಬತ್ತಿಸಿದ್ದರಿಂದಲೂ ಸ್ಪೇನಿನಲ್ಲಿ ಇದರ ಸಂಖ್ಯೆ 1977ರಲ್ಲಿ 22ಕ್ಕೆ ಇಳಿದಿತ್ತು. ಒಂದು ತರಗತಿಯ ಕೊಠಡಿಯಲ್ಲಿ ಕುಳಿತ ವಿದ್ಯಾರ್ಥಿಗಳಿಗಿಂತಲೂ ಕಡಿಮೆ! ಅಲ್ಲಿಯ ಜನ ಬೇಟೆಯನ್ನು ನಿಲ್ಲಿಸಿ, ಸರೋವರಗಳನ್ನು ಕಾದು, ಬಹಳ ಶ್ರಮದಿಂದ ಸಂಖ್ಯೆಯನ್ನು ನೂರುಗಳಿಗೆ, ಆಮೇಲೆ ಸಾವಿರಗಳಿಗೆ ಏರಿಸಿದರು. ಈ ಉದ್ಧಾರದ ಕಾರ್ಯ ನಡೆಯುತ್ತಿದ್ದಾಗಲೇ 1980ರ ದಶಕದಲ್ಲಿ ಕೆಂಬಾತುಗಳು ಅಲ್ಲಿಗೆ ಬಂದಿಳಿದವು. 1991ರಲ್ಲಿ ಎರಡೂ ಜಾತಿ ಬೆರೆತ ಮಿಶ್ರ ಹಕ್ಕಿಗಳು ಮೊದಲ ಬಾರಿಗೆ ಕಂಡವು. ಇವು ಅಮೆರಿಕದಿಂದ ನೇರವಾಗಿ ಸಾಗರ ದಾಟಿ ಬಂದಿರಬಹುದಲ್ಲ ಎಂದು ಕೆಲವರು ವಾದಿಸಿದರು. ಅನಂತರ ನಡೆದ ಡಿ.ಎನ್.ಎ. ಪರೀಕ್ಷೆ ಆ ಅನುಮಾನವನ್ನು ಪರಿಹರಿಸಿತು. ಇವು ಯೂರೋಪಿನಲ್ಲಿ ಸಾಕಿದ ಬಾತುಗಳ ವಂಶವೇ ಎಂದು ಸಿದ್ಧವಾಯಿತು.

ಬೆರೆತರೆ ತಪ್ಪೇನು ಎಂಬ ಪ್ರಶ್ನೆ ಸಹಜ. ಇದನ್ನು ಸ್ವಲ್ಪ ವಿವರಿಸಬೇಕು. ಕುದುರೆಗೂ ಕತ್ತೆಗೂ ಹುಟ್ಟಿದ ಹೇಸರಗತ್ತೆ ಸಾಮಾನ್ಯವಾಗಿ ಬಂಜೆ. ಆದ್ದರಿಂದ ಬೆರಕೆ ಅಲ್ಲಿಗೇ ನಿಲ್ಲುತ್ತದೆ. ಆದರೆ ಈ ಎರಡು ಬಾತುಗಳ ಮಿಶ್ರ ಸಂತಾನ ಬಂಜೆಯಲ್ಲ. ಅವುಗಳಿಗೂ ಮರಿಯಾಗುತ್ತದೆ, ಆ ಮರಿಗಳಿಗೂ ಮರಿಯಾಗುತ್ತದೆ. ಒಂದು ಕಡೆ ಸಾವಿರಾರು ಕೆಂಬಾತು, ಇನ್ನೊಂದು ಕಡೆ ಬೆರಳೆಣಿಕೆಯಿಂದ ಈಗಷ್ಟೇ ಮೇಲೆದ್ದ ಬಿಳಿತಲೆ. ದೊಡ್ಡ ಹೊಳೆ ಸಣ್ಣ ಹಳ್ಳದೊಳಕ್ಕೆ ನುಗ್ಗಿದರೆ ಹಳ್ಳದ ನೀರು ಯಾವುದೆಂದು ಹೇಳುವುದು ಹೇಗೆ? ಒಂದು ಹಕ್ಕಿಯೂ ಸಾಯದೆ, ಒಂದು ಗುಂಡೂ ಹಾರದೆ, ಲಕ್ಷಾಂತರ ವರ್ಷ ಬೇರೆಯಾಗಿ ಬೆಳೆದು ಬಂದ ಜಾತಿಯೊಂದು ಕೆಲವು ತಲೆಮಾರುಗಳಲ್ಲಿ ಕರಗಿಹೋಗುತ್ತದೆ. ಕೆರೆ ತುಂಬ ಬಾತುಗಳಿರುತ್ತವೆ. ಆ ಬಾತು ಮಾತ್ರ ಇರುವುದಿಲ್ಲ.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ನ್ಯೂಜಿಲೆಂಡನ್ನು ನೋಡಬಹುದು. ಅಲ್ಲಿಗೆ ಹೋಗಿ ನೆಲೆಸಿದ ಇಂಗ್ಲಿಷರು ಬೇಟೆಯ ಸುಖಕ್ಕೆಂದು 19ನೆಯ ಶತಮಾನದ ಉತ್ತರಾರ್ಧದಿಂದ ಮಲ್ಲಾರ್ಡ್ ಎಂಬ ಹಸಿರುತಲೆಯ ಬಾತನ್ನು ತಂದು ಬಿಡುತ್ತ ಬಂದರು. ಪಾರೇರಾ ಎಂದು ಮಾವೋರಿ ಜನ ಕರೆಯುವ ಅಲ್ಲಿಯ ಮೂಲದ ಬಾತು, ನಮ್ಮ ಕೆರೆಗಳ ಚುಕ್ಕೆಕೊಕ್ಕಿನ ಬಾತಿಗೆ ಬಹಳ ಹತ್ತಿರದ ನಂಟ. ಇಂದು ಅಲ್ಲಿ ಎಲ್ಲಿ ನೋಡಿದರೂ ಮಲ್ಲಾರ್ಡ್ ಮತ್ತು ಬೆರಕೆ ಬಾತುಗಳೇ. ಅಚ್ಚ ಪಾರೇರಾ ದುರ್ಲಭವಾಗಿದೆ. ಮಲ್ಲಾರ್ಡ್ ಕೆಟ್ಟ ಹಕ್ಕಿಯೆ? ಅಲ್ಲ. ನಾವು ಮನೆಗಳಲ್ಲಿ ಸಾಕುವ ಬಾತುಗಳ ಬಹುಪಾಲಿಗೆ ಅದೇ ಮೂಲಪುರುಷ. ತನ್ನ ನಾಡಿನಲ್ಲಿ ಅದು ಸಾಧುಜೀವಿ.

ಮತ್ತೆ ಕೆಂಬಾತಿಗೆ ಬರೋಣ. ಅದನ್ನು ಏನು ಮಾಡುವುದು? ಹಿಡಿದು ಹಿಂದಕ್ಕೆ ಕಳುಹಿಸುವುದು, ಮೊಟ್ಟೆಗಳನ್ನು ಮರಿಯಾಗದಂತೆ ಮಾಡುವುದು ಮೊದಲಾದ ಸೌಮ್ಯವಾದ ಉಪಾಯಗಳು ಚರ್ಚೆಗೆ ಬಂದವು. ವಿಸ್ತಾರವಾದ ಸರೋವರಗಳಲ್ಲಿ ಮುಳುಗಿ ಏಳುವ ಸಾವಿರಾರು ಹಕ್ಕಿಗಳ ವಿಷಯದಲ್ಲಿ ಇವು ಫಲಿಸುವಂತಿರಲಿಲ್ಲ. ಯೂರೋಪಿನ ವನ್ಯಜೀವಿಗಳ ಬರ್ನ್ ಒಪ್ಪಂದದಡಿಯಲ್ಲಿ 1999ರಲ್ಲಿ ಕೆಂಬಾತಿನ ನಿರ್ಮೂಲನದ ಯೋಜನೆ ಸಿದ್ಧವಾಯಿತು. ಬ್ರಿಟನ್ ಸರ್ಕಾರ ಕೆಲವು ವರ್ಷ ಪ್ರಯೋಗ ನಡೆಸಿ, 2005ರಿಂದ ದೇಶಾದ್ಯಂತ ಗುಂಡಿಕ್ಕಿ ಕೊಲ್ಲುವ ಕಾರ್ಯವನ್ನು ಕೈಗೊಂಡಿತು. ಹಕ್ಕಿಗಳ ರಕ್ಷಣೆಗೆಂದೇ ಇರುವ ಆರ್.ಎಸ್.ಪಿ.ಬಿ. ಸಂಘವೂ ಇದನ್ನು ಬೆಂಬಲಿಸಿತು; ಪ್ರಾಣಿದಯಾಪರರು ಬಲವಾಗಿ ವಿರೋಧಿಸಿದರು. ಹತ್ತು ವರ್ಷಗಳೊಳಗೆ ಆರು ಸಾವಿರದಷ್ಟಿದ್ದ ಹಕ್ಕಿಗಳು ಕೆಲವು ಹತ್ತುಗಳಿಗೆ ಇಳಿದವು. ಲಕ್ಷಾಂತರ ಪೌಂಡುಗಳು ವೆಚ್ಚವಾದವು. 2016ರಲ್ಲಿ ಯೂರೋಪಿನ ಒಕ್ಕೂಟವು ಹಾನಿಕಾರಕ ಅನ್ಯದೇಶೀಯ ಜೀವಿಗಳ ಮೊದಲ ಪಟ್ಟಿಯನ್ನು ಹೊರಡಿಸಿದಾಗ ಕೆಂಬಾತು ಅದರಲ್ಲಿತ್ತು.

ಎರಡು ಪಕ್ಷದವರ ಮಾತನ್ನೂ ತೂಗಿ ನೋಡಿದ್ದೇನೆ. ದಯಾಪರರು ಕೇಳುವುದು ಇಷ್ಟೇ: ನೋವುಣ್ಣುವುದು ಒಂದೊಂದು ಹಕ್ಕಿಯೇ ಹೊರತು ‘ಜಾತಿ’ ಎಂಬ ಹೆಸರಲ್ಲ, ತಪ್ಪು ಮಾಡದ ಸಾವಿರಾರು ಹಕ್ಕಿಗಳನ್ನು ಕೊಲ್ಲಲು ನಿಮಗೇನು ಅಧಿಕಾರ? ಈ ಮಾತಿಗೆ ತಟ್ಟನೆ ಉತ್ತರ ಹೇಳುವುದು ಸುಲಭವಲ್ಲ. ಎದುರು ಪಕ್ಷದವರ ಉತ್ತರ ಹೀಗಿದೆ: ಕೆಂಬಾತು ಅಮೆರಿಕದಲ್ಲಿ ಲಕ್ಷಗಟ್ಟಲೆ ಇದೆ, ಯೂರೋಪಿನಲ್ಲಿ ಇಲ್ಲವಾದರೆ ಅದರ ವಂಶ ಅಳಿಯದು, ಬಿಳಿತಲೆ ಹೋದರೆ ಜಗತ್ತಿನಲ್ಲಿ ಮತ್ತೆ ಹುಟ್ಟದು. ನಾನು ಈ ಎರಡನೆಯ ಮಾತನ್ನು ಒಪ್ಪುತ್ತೇನೆ, ಆದರೆ ಸಂತೋಷದಿಂದಲ್ಲ. ಏಳು ಹಕ್ಕಿಗಳಿದ್ದಾಗ ಒಂದು ಬಲೆಯಿಂದ ಆಗಬಹುದಾಗಿದ್ದ ಕೆಲಸಕ್ಕೆ ಆರು ಸಾವಿರವಾದಾಗ ಬಂದೂಕು ಬೇಕಾಯಿತು. ವಿಳಂಬದ ಬಡ್ಡಿಯನ್ನು ಕಟ್ಟಿದ್ದು ಬಾತುಗಳು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ತಂದೆಯವರು ಒಕ್ಕಲುತನದವರು, ಅಕ್ಷರ ಬಲ್ಲವರಲ್ಲ. ರಜೆಯಲ್ಲಿ ಊರಿಗೆ ಹೋದಾಗ ಈ ವೃತ್ತಾಂತವನ್ನೆಲ್ಲ ಅವರಿಗೆ ಹೇಳಿದೆ. ಎಲ್ಲವನ್ನೂ ಕೇಳಿ, “ದನ ಪೈರು ಮೇದರೆ ದೊಡ್ಡಿಗೆ ಹಾಕ್ತೀವಿ. ದಂಡ ಕಟ್ಟೋನು ದನದ ಯಜಮಾನ. ಅಲ್ಲಿ ಯಜಮಾನನ್ನ ಬಿಟ್ಟು ದನಾನ ಹೊಡೆದರೇನೋ ಮಗಾ?” ಎಂದರು. ನಾನು ಪುಸ್ತಕಗಳಲ್ಲಿ ಹುಡುಕುತ್ತಿದ್ದ ಮಾತು ಇದೇ. ಪೈರನ್ನು ಉಳಿಸಬೇಕಾದರೆ ದನವನ್ನು ಹೊಲದಿಂದ ಎಬ್ಬಿಸಲೇಬೇಕು, ಅದರಲ್ಲಿ ಸಂದೇಹವಿಲ್ಲ. ಆದರೆ ತಪ್ಪು ದನದ್ದೆಂದು ಬರೆದಿಡಬಾರದು. ಪತ್ರಿಕೆಗಳು ಇಂಥ ಹಕ್ಕಿಗಳನ್ನು ‘ಆಕ್ರಮಣಕಾರಿ’, ‘ದಾಳಿಕೋರ’ ಎಂದು ಕರೆಯುವಾಗ ಬೇಲಿ ಹಾಕದವನ ಹೆಸರು ಮರೆಯಾಗುತ್ತದೆ.

ಇದೆಲ್ಲ ದೂರದೇಶದ ಸಂಗತಿಯೆಂದು ನಾವು ನಿಶ್ಚಿಂತರಾಗುವಂತಿಲ್ಲ. 19ನೆಯ ಶತಮಾನದ ಆರಂಭದಲ್ಲಿ ತೋಟದ ಅಂದಕ್ಕೆಂದು ಭಾರತಕ್ಕೆ ತಂದ ಲಂಟಾನ ಗಿಡ ಇಂದು ಬಂಡೀಪುರದ ಕಾಡಿನಲ್ಲಿ ಎಲ್ಲೆಲ್ಲಿಯೂ ಹಬ್ಬಿ ಹುಲ್ಲನ್ನು ಅಡಗಿಸಿದೆ. 1952ರಲ್ಲಿ ಆಹಾರಕ್ಕೆಂದು ದೇಶದೊಳಕ್ಕೆ ತಂದ ಜಿಲೇಬಿ ಮೀನು ನಮ್ಮ ಕೆರೆಕುಂಟೆಗಳಲ್ಲಿ ನಾಡಮೀನುಗಳ ಜಾಗವನ್ನು ಹಿಡಿದಿದೆ. ತಂದವರು ಯಾರೂ ಕೇಡನ್ನು ಬಯಸಿ ತಂದವರಲ್ಲ. ಇಂದು ಪಟ್ಟಣಗಳಲ್ಲಿ ಬಣ್ಣದ ಬಾತು, ಹಕ್ಕಿ, ಆಮೆ, ಮೀನುಗಳನ್ನು ಮಾರುವ ಅಂಗಡಿಗಳಿವೆ. ಸಾಕಿ ಬೇಸರವಾದಾಗ ‘ಪಾಪ, ಬದುಕಿಕೊಳ್ಳಲಿ’ ಎಂದು ಕೆರೆಗೆ ಬಿಟ್ಟು ಪುಣ್ಯ ಬಂತೆಂದು ತಿಳಿಯುವವರೂ ಇದ್ದಾರೆ. 2022ರಲ್ಲಿ ತಿದ್ದುಪಡಿಯಾದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹಾನಿಕಾರಕ ಅನ್ಯದೇಶೀಯ ಜೀವಿಗಳ ಆಮದು, ಮಾರಾಟ, ಸಾಕಣೆಗಳನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಆದರೆ ಪ್ರತಿ ಕೆರೆಯ ಏರಿಯ ಮೇಲೂ ಕಾಯಿದೆ ಕಾವಲು ನಿಲ್ಲಲಾರದು. ಕೆರೆಯನ್ನು ದಿನವೂ ನೋಡುವವರು ಊರಿನವರು. ಚುಕ್ಕೆಕೊಕ್ಕಿನ ಬಾತು, ಸಿಳ್ಳೆಬಾತು ಮುಂತಾದ ನಮ್ಮ ಕೆರೆಯ ಹಕ್ಕಿಗಳ ಗುರುತು ಹಳ್ಳಿಯಿಂದ ಬರುವ ನಮಗೇ ಇಲ್ಲದಿದ್ದರೆ, ಹೊಸದೊಂದು ಬಂದು ಸೇರಿದ್ದು ತಿಳಿಯುವುದಾದರೂ ಹೇಗೆ? ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ನಮ್ಮ ಕಾಲೇಜಿನ ವಿದ್ಯಾರ್ಥಿಗಳು ತಮ್ಮ ತಮ್ಮ ಊರ ಕೆರೆಯ ಹಕ್ಕಿಗಳನ್ನು ಎಣಿಸಿ ಬರೆದಿಟ್ಟರೆ, ಅದು ಮುಂದಿನವರಿಗೆ ಉಪಯುಕ್ತವಾದ ದಾಖಲೆಯಾದೀತು. ಗುರುಗಳು ಈ ಸಲಹೆಯನ್ನು ಪರಿಶೀಲಿಸಬೇಕೆಂದು ವಿನಂತಿ.

ಕಡೆಯದಾಗಿ ಒಂದು ಎಚ್ಚರಿಕೆಯ ಮಾತು. ಬಾತುಗಳ ಈ ವಿಚಾರವನ್ನು ಮನುಷ್ಯರಿಗೆ ಅನ್ವಯಿಸಿ, ‘ಹೊರಗಿನವರು’, ‘ಒಳಗಿನವರು’ ಎಂದು ವಾದ ಹೂಡುವುದಕ್ಕೆ ಯಾರೂ ಬಳಸಬಾರದು. ಬಾತುಗಳಲ್ಲಿ ಬೇರೆಬೇರೆ ಜಾತಿಗಳುಂಟು. ಮನುಷ್ಯಕುಲವೆಲ್ಲ ಒಂದೇ ಜಾತಿ. ಒಂದು ತಲೆಮಾರಿನ ಹಿಂದೆ ಇಂಥ ಕಾಲೇಜಿನ ಬಾಗಿಲೊಳಗೆ ನನ್ನಂಥವನೂ ಹೊರಗಿನವನೇ ಆಗಿದ್ದನು. ಹಕ್ಕಿಯ ವಿಷಯದಲ್ಲಿ ನಾವು ಕಲಿಯಬೇಕಾದದ್ದು ಬೇರೆ: ಜೀವವೊಂದನ್ನು ಅದರ ನೆಲೆಯಿಂದ ಎತ್ತಿ ತರುವ ಮೊದಲು, ಅದನ್ನು ಕೊನೆಯವರೆಗೂ ಕಾಪಾಡುವ ಶಕ್ತಿ ನಮಗಿದೆಯೆ ಎಂದು ಕೇಳಿಕೊಳ್ಳುವುದು. ಇಲ್ಲವೆಂದಾದರೆ, ಅದರ ಅಂದವನ್ನು ಅದರ ನಾಡಿನಲ್ಲಿಯೇ ಇರಗೊಡುವುದು ಮೇಲು.